ಬೀದಿ ಓಟದ ಗೇಮ್‌ನಲ್ಲಿ ಕಾರು ಮಾತು ಕೇಳದಿದ್ದಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಬೀದಿ ಓಟದ ಆರ್ಕೇಡ್ ಗೇಮ್‌ಗಳು ನಿಜವಾದ ಕಾರಿನ ನಿಯಮಗಳಿಗೆ ಅಷ್ಟಾಗಿ ಬೆಲೆ ಕೊಡುವುದಿಲ್ಲ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೂ ಕಾರು ಪಲ್ಟಿಯಾಗದೆ ಸೊಗಸಾಗಿ ಜಾರುತ್ತದೆ. ಗೋಡೆಗೆ ಉಜ್ಜಿದರೂ ಓಟ ನಿಲ್ಲುವುದಿಲ್ಲ. ಆದ್ದರಿಂದಲೇ ಏನಾದರೂ ಎಡವಟ್ಟಾದಾಗ ಅದು ಆಟದ ಸ್ವಭಾವವೋ, ಯಂತ್ರದ ದೋಷವೋ, ಮನೆಯ ಕರೆಂಟಿನ ತೊಂದರೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುವುದಿಲ್ಲ. ದಾವಣಗೆರೆಯ ವಿದ್ಯಾನಗರದ ಬಾಡಿಗೆ ಕೊಠಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಡುವ ವಿದ್ಯಾರ್ಥಿಯಾಗಲಿ, ಚಿತ್ರದುರ್ಗದಲ್ಲಿ ಮನೆಯ ಟಿ.ವಿ.ಗೆ ಕನ್ಸೋಲ್ ಜೋಡಿಸಿ ಮಕ್ಕಳೊಡನೆ ಕೂರುವ ತಂದೆಯಾಗಲಿ, ತೊಂದರೆ ಕಂಡ ಕೂಡಲೇ ಕೈಹಾಕುವುದು ಸಾಮಾನ್ಯವಾಗಿ ಎರಡು ಕೆಲಸಕ್ಕೆ: ಗೇಮ್ ಅಳಿಸಿ ಮತ್ತೆ ಹಾಕುವುದು, ಇಲ್ಲವೇ ಹೊಸ ಗ್ರಾಫಿಕ್ಸ್ ಕಾರ್ಡಿನ ಬೆಲೆ ವಿಚಾರಿಸುವುದು. ಎರಡನ್ನೂ ಕಟ್ಟಕಡೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಗೇಮ್ ತೆರೆದ ಕ್ಷಣದಿಂದಲೇ ಇರುವ ತೊಂದರೆ ಸೆಟ್ಟಿಂಗ್‌ಗೆ ಸೇರಿದ್ದು. ಇಪ್ಪತ್ತು ನಿಮಿಷ ಆಡಿದ ಮೇಲೆ ಬರುವುದು ಬಿಸಿಗೆ ಸೇರಿದ್ದು. ಸಂಜೆ ಹೊತ್ತು ಮಾತ್ರ ಬರುವುದು ವೋಲ್ಟೇಜಿಗೋ ಇಂಟರ್‌ನೆಟ್ಟಿಗೋ ಸೇರಿದ್ದು. ಒಂದು ಗುಂಡಿ ಒತ್ತಿದಾಗ ಮಾತ್ರ ಬರುವುದು ಕೀಬೋರ್ಡಿಗೋ ಕಂಟ್ರೋಲರಿಗೋ ಸೇರಿದ್ದು. ಇದಕ್ಕೆ ಅಪವಾದಗಳಿದ್ದರೂ ಹುಡುಕಾಟವನ್ನು ಇಲ್ಲಿಂದ ಶುರುಮಾಡಿದವರು ದಾರಿ ತಪ್ಪುವುದು ಕಡಿಮೆ.

ಪರೀಕ್ಷೆಗೆಂದು ಒಂದೇ ಕಾರು, ಒಂದೇ ರಸ್ತೆ, ಒಂದೇ ಬಗೆಯ ಓಟವನ್ನು ಆರಿಸಿಕೊಂಡು ಪ್ರತಿ ಸಲವೂ ಅದನ್ನೇ ಆಡಬೇಕು, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಏಕಕಾಲಕ್ಕೆ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಬದಲಿಸಿ, ಚಿತ್ರದ ಗುಣಮಟ್ಟ ಇಳಿಸಿ, ಕೇಬಲ್ಲನ್ನೂ ಬದಲಿಸಿದವನಿಗೆ ದೋಷ ಹೋದರೂ ಅದು ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ತಿಂಗಳು ಅದು ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಏನನ್ನೇ ಮುಟ್ಟುವ ಮೊದಲು, ಆಟದ ಪ್ರಗತಿ ದಾಖಲಾಗಿರುವ ಸೇವ್ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. 2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಇದನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಡುತ್ತದೆ, ಅದಕ್ಕೂ ಹಿಂದಿನ ವರ್ಷ ಬಂದ ‘ಅಂಡರ್‌ಗ್ರೌಂಡ್ 2’ ಆಪ್‌ಡೇಟಾದ ಒಳಗಿನ ಲೋಕಲ್ ಎಂಬ ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಇದು ಗೊತ್ತಿಲ್ಲದೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ, ತಿಂಗಳುಗಟ್ಟಲೆ ಗೆದ್ದ ಕಾರುಗಳನ್ನು ಕಳೆದುಕೊಂಡವರು ಊರಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ.

ಎಷ್ಟೇ ವೇಗವಾಗಿ ಓಡಿಸಿದರೂ ಹಿಂದಿನ ಕಾರು ಬೆನ್ನು ಬಿಡುವುದಿಲ್ಲ

ಇದು ದೋಷವಲ್ಲ. ಓಟ ಕೊನೆಯವರೆಗೂ ರೋಚಕವಾಗಿರಲೆಂದು, ಆಟಗಾರ ಮುಂದೆ ಹೋದಷ್ಟೂ ಕಂಪ್ಯೂಟರಿನ ಕಾರುಗಳ ವೇಗವನ್ನು ಹೆಚ್ಚಿಸುವ, ಆತ ಹಿಂದೆ ಬಿದ್ದಷ್ಟೂ ಅವನ್ನು ನಿಧಾನಗೊಳಿಸುವ ವ್ಯವಸ್ಥೆ ಈ ಬಗೆಯ ಬಹಳಷ್ಟು ಗೇಮ್‌ಗಳಲ್ಲಿದೆ. ಕೆಲವು ಗೇಮ್‌ಗಳ ಕ್ವಿಕ್ ರೇಸ್ ಆಯ್ಕೆಗಳಲ್ಲಿ ‘ಕ್ಯಾಚ್ ಅಪ್’ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ಅದನ್ನು ಆಫ್ ಮಾಡಿ ಒಂದು ಓಟ ಆಡಿದರೆ ಅನುಮಾನ ಪರಿಹಾರವಾಗುತ್ತದೆ. ಆಯ್ಕೆ ಇಲ್ಲದ ಗೇಮ್‌ನಲ್ಲಿ, ಕಾರಿಗೆ ಕ್ಷಣಕಾಲ ಹೆಚ್ಚಿನ ವೇಗ ಕೊಡುವ ನೈಟ್ರೋವನ್ನು ಆರಂಭದಲ್ಲೇ ಖಾಲಿ ಮಾಡದೆ ಕೊನೆಯ ನೇರ ರಸ್ತೆಗೆ ಉಳಿಸಿಕೊಳ್ಳುವುದೊಂದೇ ದಾರಿ.

ಕೈ ಬಿಟ್ಟರೂ ಕಾರು ಒಂದೇ ಕಡೆಗೆ ಎಳೆಯುತ್ತದೆ

ಮೊದಲು ಕಂಟ್ರೋಲರಿನ ಕೇಬಲ್ ಕಿತ್ತು, ಅಥವಾ ಅದರ ಬ್ಲೂಟೂತ್ ಆಫ್ ಮಾಡಿ, ಕೀಬೋರ್ಡಿನಿಂದ ಅದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಎಳೆತ ನಿಂತರೆ ದೋಷ ಕಂಟ್ರೋಲರಿನದು. ನಿಲ್ಲದಿದ್ದರೆ ಕಂಪ್ಯೂಟರಿಗೆ ಇನ್ನೊಂದು ಸಾಧನ ಸೇರಿಕೊಂಡಿರಬಹುದು: ಮೂಲೆಯಲ್ಲಿ ಧೂಳು ಹಿಡಿದು ಕೂತ ಹಳೆಯ ಜಾಯ್‌ಸ್ಟಿಕ್ಕೋ, ತಿರುಗಿದ ಸ್ಥಿತಿಯಲ್ಲೇ ಉಳಿದ ಸ್ಟೀರಿಂಗ್ ಚಕ್ರವೋ ಯುಎಸ್‌ಬಿಯಲ್ಲಿ ಇನ್ನೂ ಜೋಡಣೆಯಾಗಿದ್ದರೆ ಗೇಮ್ ಅದರ ಮಾತನ್ನೂ ಕೇಳುತ್ತಿರುತ್ತದೆ.

ದೋಷ ಕಂಟ್ರೋಲರಿನದೇ ಎಂದಾದರೆ ವಿಂಡೋಸ್‌ನ ಹುಡುಕು ಪೆಟ್ಟಿಗೆಯಿಂದ ‘ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್’ ಎಂಬ ಕಿಟಕಿಯನ್ನು ತೆರೆದು ಪ್ರಾಪರ್ಟೀಸ್ ಒತ್ತಬೇಕು. ಅಲ್ಲಿ ಚೌಕದೊಳಗೆ ಕಾಣುವ ಸಣ್ಣ ಕೂಡಿಸುವ ಚಿಹ್ನೆ (+), ಕಂಟ್ರೋಲರಿನ ಕೋಲನ್ನು (ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್) ಮುಟ್ಟದಿರುವಾಗ ನಡುವೆ ನಿಂತಿರಬೇಕು. ಅದು ಸ್ಥಿರವಾಗಿ ಒಂದು ಬದಿಗೆ ಸರಿದು ನಿಂತಿದ್ದರೆ ಕ್ಯಾಲಿಬ್ರೇಶನ್‌ನಿಂದ ಸರಿಹೋಗುವ ಸಾಧ್ಯತೆ ಹೆಚ್ಚು. ನಡುಗುತ್ತಿದ್ದರೆ, ಅಥವಾ ಪ್ರತಿ ಸಲ ಕೋಲು ಬಿಟ್ಟಾಗಲೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ, ಒಳಗಿನ ಭಾಗ ಸವೆದಿದೆ ಎಂದರ್ಥ. ಸಾಮಾನ್ಯ ಕಂಟ್ರೋಲರುಗಳಲ್ಲಿ ಕೋಲಿನ ಬುಡದಲ್ಲಿ ಪೊಟೆನ್ಶಿಯೋಮೀಟರ್ ಇರುತ್ತದೆ. ಇಂಗಾಲದ ತೆಳು ಪಟ್ಟಿಯ ಮೇಲೆ ಲೋಹದ ನಾಲಿಗೆಯೊಂದು ಸದಾ ಉಜ್ಜುತ್ತಿರುವುದರಿಂದ ಪಟ್ಟಿ ಸವೆಯುತ್ತದೆ, ಉದುರಿದ ಪುಡಿ ಅಲ್ಲೇ ಕೂರುತ್ತದೆ. ರೇಸಿಂಗ್ ಗೇಮ್ ಆಡುವವರಲ್ಲಿ, ಕಾರನ್ನು ತಿರುಗಿಸಲು ಸದಾ ಬಳಸುವ ಎಡಗೋಲು ಮೊದಲು ಕೆಡುವುದು ಅದಕ್ಕೇ.

ಖರ್ಚಿಲ್ಲದ ಮೊದಲ ಪರಿಹಾರವೆಂದರೆ ಗೇಮ್ ಸೆಟ್ಟಿಂಗ್‌ನಲ್ಲಿ ಡೆಡ್‌ಝೋನ್ ಏರಿಸುವುದು. ಕೋಲಿನ ಎಷ್ಟು ಸಣ್ಣ ಚಲನೆಯನ್ನು ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ಮಿತಿ ಅದು. ಶೇ. 10ರಿಂದ 15ರವರೆಗೆ ಏರಿಸಿದರೆ ಆಟಕ್ಕೆ ಹೆಚ್ಚು ತೊಂದರೆಯಾಗುವುದಿಲ್ಲ. ಶೇ. 25 ದಾಟಬೇಕಾದ ಸ್ಥಿತಿ ಬಂದರೆ ವೇಗದಲ್ಲಿ ಲೇನ್ ಬದಲಿಸುವ ಸೂಕ್ಷ್ಮ ತಿರುವುಗಳೆಲ್ಲ ಹೋಗಿಬಿಡುತ್ತವೆ. ಅಲ್ಲಿಗೆ ಆ ಕೋಲಿನ ಕಾಲ ಮುಗಿದಂತೆಯೇ. ಎರಡನೆಯದು, ಬ್ಯಾಟರಿ ತೆಗೆದು ಅಥವಾ ಕೇಬಲ್ ಕಿತ್ತು, ಕೋಲಿನ ಬುಡಕ್ಕೆ ಹತ್ತಿಯ ಕಡ್ಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹಚ್ಚಿ, ಕೋಲನ್ನು ಸುತ್ತ ತಿರುಗಿಸಿ, ಪೂರ್ತಿ ಆರಲು ಬಿಡುವುದು. ಇದನ್ನು ಹಚ್ಚುವಾಗ ಹತ್ತಿರ ದೀಪ, ಅಗರಬತ್ತಿ ಇರಬಾರದು, ಕಿಟಕಿ ತೆರೆದಿರಬೇಕು. ಮೂರನೆಯದು ಕೋಲಿನ ಭಾಗವನ್ನೇ ಬೆಸುಗೆ ಬಿಡಿಸಿ ಬದಲಿಸುವುದು. ಮೊಬೈಲ್ ದುರಸ್ತಿಯಲ್ಲಿ ಬೆಸುಗೆ ಹಾಕಿ ಕೈ ಪಳಗಿದವರು ಇದನ್ನು ಮಾಡಬಲ್ಲರು. ವಾರಂಟಿ ಉಳಿದಿದ್ದರೆ ಮಾತ್ರ ಬಿಚ್ಚಿಸಬಾರದು. ಹೊಸದನ್ನೇ ಕೊಳ್ಳುವುದಾದರೆ ಹಾಲ್ ಎಫೆಕ್ಟ್ ಕೋಲುಗಳಿರುವುದನ್ನು ಆರಿಸುವುದು ಜಾಣತನ. ಅವು ಅಯಸ್ಕಾಂತದ ಮೂಲಕ ಕೋಲಿನ ಸ್ಥಾನವನ್ನು ಅಳೆಯುವುದರಿಂದ ಉಜ್ಜಿ ಸವೆಯುವ ಭಾಗವೇ ಅಲ್ಲಿಲ್ಲ.

ಗುಂಡಿಗಳು ಅಂಟಿಕೊಳ್ಳುವ ದೂರು ಬಂದರೆ ಬಿಚ್ಚುವ ಮೊದಲು ಆಡುವವರ ಕೈ ನೋಡಬೇಕು. ನಮ್ಮೂರಲ್ಲಿ ಸಂಜೆಯ ಆಟಕ್ಕೂ ಮಂಡಕ್ಕಿ-ಮೆಣಸಿನಕಾಯಿಗೂ ಬಿಡಿಸಲಾರದ ನಂಟು. ಎಣ್ಣೆಯ ಬೆರಳಿನಿಂದ ಒತ್ತಿದ ಗುಂಡಿಯ ಸಂದಿಯಲ್ಲಿ ಪುಟಾಣಿ ಹಿಟ್ಟು ಸೇರಿ ಗಟ್ಟಿಯಾಗುತ್ತದೆ. ಹೊರಗಿನಿಂದಲೇ ಮೃದುವಾದ ಹಲ್ಲುಜ್ಜುವ ಬ್ರಷ್ಷನ್ನು ಅದೇ ಆಲ್ಕೋಹಾಲಿನಲ್ಲಿ ತುಸು ಅದ್ದಿ ಉಜ್ಜಿದರೆ ಬಹುತೇಕ ಸರಿಹೋಗುತ್ತದೆ. ಒದ್ದೆ ಬಟ್ಟೆಯಿಂದ ಒತ್ತಿ ಒರೆಸುವುದು ಬೇಡ; ನೀರು ಒಳಗಿಳಿದರೆ ಇರುವ ತೊಂದರೆಗೆ ಇನ್ನೊಂದು ಸೇರುತ್ತದೆ.

ಹಳೆಯ ಗೇಮ್‌ಗಳಲ್ಲಿ ಇನ್ನೊಂದು ವಿಚಿತ್ರವಿದೆ. ಆಕ್ಸಿಲರೇಟರ್ ಮತ್ತು ಬ್ರೇಕ್ ಟ್ರಿಗರ್‌ಗಳನ್ನು ಒಟ್ಟಿಗೆ ಒತ್ತಿದರೆ ಕಾರು ಏನೂ ಮಾಡದೆ ಸುಮ್ಮನಿರುತ್ತದೆ. ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರಿನ ಎರಡೂ ಟ್ರಿಗರ್‌ಗಳನ್ನು ಹಳೆಯ ಡೈರೆಕ್ಟ್‌ಇನ್‌ಪುಟ್ ವಿಧಾನ ಒಂದೇ ಅಕ್ಷವೆಂದು ಎಣಿಸುವುದರಿಂದ ಒಂದು ಇನ್ನೊಂದನ್ನು ಕಳೆದುಬಿಡುತ್ತದೆ. ಬ್ರೇಕನ್ನು ಬೇರೊಂದು ಗುಂಡಿಗೆ ವರ್ಗಾಯಿಸಿದರೆ ಸಾಕು.

ಸ್ಟೀರಿಂಗ್ ಚಕ್ರ ಬಳಸುವವರು ಕಾರು ಹಾವಿನಂತೆ ಹೊರಳಾಡುತ್ತದೆ ಎನ್ನುತ್ತಾರೆ. ಲಾಜಿಟೆಕ್ ಜಿ29ರಂತಹ ಚಕ್ರಗಳು 900 ಡಿಗ್ರಿಯಷ್ಟು ತಿರುಗುತ್ತವೆ. ಆರ್ಕೇಡ್ ಗೇಮ್ ಬಯಸುವುದು ಅದರ ಕಾಲು ಭಾಗವನ್ನು. ಚಕ್ರದ ಸಾಫ್ಟ್‌ವೇರಿನಲ್ಲಿ ತಿರುಗುವ ಮಿತಿಯನ್ನು 180ರಿಂದ 270 ಡಿಗ್ರಿಯ ನಡುವೆ ಇಟ್ಟು ನೋಡಬೇಕು. ಕಂಪ್ಯೂಟರಿಗೆ ಜೋಡಿಸಿದಾಗ ಚಕ್ರ ತಾನಾಗಿ ಎರಡೂ ಕಡೆ ತಿರುಗಿ ನಡುವನ್ನು ಗುರುತಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ಅದನ್ನು ಹಿಡಿದುಕೊಂಡರೆ ನಡುವೇ ತಪ್ಪಾಗಿ ದಾಖಲಾಗುತ್ತದೆ, ಬೆರಳು ಸಿಕ್ಕಿಕೊಳ್ಳುವ ಅಪಾಯವೂ ಇದೆ.

ತಿರುವಿನಲ್ಲಿ ನೈಟ್ರೋ ಹತ್ತುವುದಿಲ್ಲ, ಅಥವಾ ಗೇಮ್ ತಾನಾಗಿ ಕೆಳಗಿಳಿಯುತ್ತದೆ (ಮಿನಿಮೈಸ್ ಆಗುತ್ತದೆ)

ಎರಡೂ ಕೀಬೋರ್ಡಿನ ತೊಂದರೆಗಳು, ಎರಡಕ್ಕೂ ಕಾಸು ಬೇಕಿಲ್ಲ. ಅಗ್ಗದ ಕೀಬೋರ್ಡುಗಳಲ್ಲಿ ಕೀಲಿಗಳು ಸಾಲು-ಕಂಬಗಳ ಜಾಲದಲ್ಲಿ ತಂತಿ ಹಂಚಿಕೊಂಡಿರುವುದರಿಂದ ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮೂರನೆಯದು ಕಂಪ್ಯೂಟರಿಗೆ ತಲುಪುವುದೇ ಇಲ್ಲ. ಮೇಲಿನ ಬಾಣ, ಎಡ ಬಾಣ, ಸ್ಪೇಸ್ ಒಟ್ಟಿಗೆ ಬಿದ್ದಾಗ ಕೆಲಸ ಮಾಡದೆ, ಮೇಲಿನ ಬಾಣ, ಬಲ ಬಾಣ, ಸ್ಪೇಸ್ ಬಿದ್ದಾಗ ಕೆಲಸ ಮಾಡಿದರೆ ಕಾರಣ ಇದೇ. ಕಂಟ್ರೋಲ್, ಶಿಫ್ಟ್, ಆಲ್ಟ್ ಕೀಲಿಗಳಿಗೆ ಸಾಮಾನ್ಯವಾಗಿ ಬೇರೆ ದಾರಿ ಇರುವುದರಿಂದ ನೈಟ್ರೋವನ್ನು ಅವುಗಳಲ್ಲೊಂದಕ್ಕೆ ಕೊಡಬಹುದು.

ಆದರೆ ಶಿಫ್ಟಿಗೆ ಕೊಟ್ಟ ಕೂಡಲೇ ಎರಡನೆಯ ತೊಂದರೆ ಶುರುವಾಗುವುದುಂಟು: ಶಿಫ್ಟನ್ನು ಐದು ಸಲ ಬೆನ್ನುಬೆನ್ನಿಗೆ ಒತ್ತಿದರೆ ವಿಂಡೋಸ್ ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳಿ ಗೇಮನ್ನು ಕೆಳಗಿಳಿಸುತ್ತದೆ, ಅದೂ ಗೆರೆ ಮುಟ್ಟುವ ಹೊತ್ತಿಗೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕೀಬೋರ್ಡಿಗೆ ಹೋಗಿ ಆ ಶಾರ್ಟ್‌ಕಟ್ಟನ್ನು ಆಫ್ ಮಾಡಿದರೆ ಮುಗಿಯಿತು.

ಒತ್ತಿದ ಮೇಲೆ ಸ್ವಲ್ಪ ತಡೆದು ಕಾರು ತಿರುಗುತ್ತದೆ

ಗಂಟೆಗೆ 200 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಓಡುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೂ ಐದೂವರೆ ಮೀಟರ್ ರಸ್ತೆ ಕಳೆದಿರುತ್ತದೆ. ಆಟಗಾರ ತನ್ನ ಕೈಚಳಕವನ್ನೇ ಶಂಕಿಸುವ ಹಾಗಾಗುತ್ತದೆ. ಟಿ.ವಿ.ಯಲ್ಲಿ ಆಡುವವರು ಮೊದಲು ನೋಡಬೇಕಾದದ್ದು ಟಿ.ವಿ.ಯ ಗೇಮ್ ಮೋಡ್. ಚಲನಚಿತ್ರ ನುಣುಪಾಗಿ ಕಾಣಲೆಂದು ಟಿ.ವಿ. ಪ್ರತಿ ಚಿತ್ರವನ್ನೂ ತಿದ್ದಿ ತೋರಿಸುತ್ತದೆ, ಆ ತಿದ್ದುಪಡಿಗೆ ಸಮಯ ಹಿಡಿಯುತ್ತದೆ. ಗೇಮ್ ಮೋಡ್ ಹಾಕಿದ ಕೂಡಲೇ ವ್ಯತ್ಯಾಸ ಕಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಕಾಣದಿದ್ದರೆ ಕಂಟ್ರೋಲರನ್ನು ಬ್ಲೂಟೂತ್ ಬಿಡಿಸಿ ಕೇಬಲ್ಲಿನಿಂದ ಜೋಡಿಸಬೇಕು. ಆಮೇಲೆ ಗೇಮ್ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಪರದೆಯ ಲಯಕ್ಕೆ ಹೊಂದುವಂತೆ ಚಿತ್ರವನ್ನು ಕಾಯಿಸುವ ಆಯ್ಕೆ) ಆಫ್ ಮಾಡಬೇಕು. ವಿ-ಸಿಂಕ್ ತೆಗೆದಾಗ ಚಿತ್ರ ಅಡ್ಡಡ್ಡ ಹರಿದಂತೆ ಕಂಡರೆ ಗಾಬರಿ ಬೇಡ. ಅದು ತಡ ತಪ್ಪಿಸಿದ್ದಕ್ಕೆ ತೆತ್ತ ಬೆಲೆ.

ಚಿತ್ರ ಸರಿಯಾಗಿದ್ದು ಇಂಜಿನ್ ಸದ್ದು ಮಾತ್ರ ತಡವಾಗಿ ಬಂದರೆ ಬ್ಲೂಟೂತ್ ಹೆಡ್‌ಫೋನ್ ಕಾರಣ. ತಂತಿಯ ಹೆಡ್‌ಫೋನ್ ಹಾಕಿ ನೋಡಿದರೆ ತಿಳಿಯುತ್ತದೆ.

ಚಿತ್ರ ತಡವರಿಸುತ್ತದೆ

ಜನ ‘ಲ್ಯಾಗ್’ ಎಂಬ ಒಂದೇ ಹೆಸರಿನಲ್ಲಿ ಹೇಳುವ ಈ ದೂರಿಗೆ ಕನಿಷ್ಠ ಐದಾರು ಕಾರಣಗಳಿವೆ, ಮತ್ತು ಇಲ್ಲಿಯೇ ‘ಯಾವಾಗ’ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ.

ಮೊದಲ ಓಟದ ಮೊದಲ ಕ್ಷಣದಿಂದಲೂ ತಡವರಿಸಿದರೆ ರೆಸಲ್ಯೂಶನ್ನನ್ನು ಅರ್ಧಕ್ಕೆ ಇಳಿಸಿ ಅದೇ ರಸ್ತೆಯಲ್ಲಿ ಓಡಿಸಬೇಕು. ಓಟ ನುಣುಪಾದರೆ ಗ್ರಾಫಿಕ್ಸ್ ಭಾಗಕ್ಕೆ ಹೊರೆಯಾಗಿತ್ತು ಎಂದರ್ಥ; ಆಗ ರೆಸಲ್ಯೂಶನ್ನನ್ನು ಮೊದಲಿನಷ್ಟಕ್ಕೇ ತಂದು ನೆರಳು ಮತ್ತು ಪ್ರತಿಫಲನಗಳನ್ನು ಇಳಿಸಬೇಕು. ಮಳೆ ಬಂದು ನಿಂತ ರಾತ್ರಿಯ ಬೀದಿಯಲ್ಲಿ ದೀಪಗಳು ಮಿನುಗುವ ದೃಶ್ಯಗಳೇ ಈ ಗೇಮ್‌ಗಳ ಅಲಂಕಾರ, ಯಂತ್ರಕ್ಕೆ ಹೆಚ್ಚು ಭಾರವಾಗುವುದೂ ಅವೇ. ರೆಸಲ್ಯೂಶನ್ ಇಳಿಸಿದರೂ ಏನೂ ಬದಲಾಗದಿದ್ದರೆ ದೋಷವನ್ನು ಪ್ರೊಸೆಸರ್, ರ್‍ಯಾಮ್, ಡಿಸ್ಕ್‌ಗಳಲ್ಲಿ ಹುಡುಕಬೇಕು.

ಇಷ್ಟಕ್ಕೆ ಮುಂಚೆ ನಾಚಿಕೆಯಿಲ್ಲದೆ ಪರೀಕ್ಷಿಸಬೇಕಾದ ಸಂಗತಿ ಒಂದಿದೆ. ಡೆಸ್ಕ್‌ಟಾಪಿನಲ್ಲಿ ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆಯೋ, ಮದರ್‌ಬೋರ್ಡಿಗೆ ಸೇರಿದೆಯೋ ನೋಡಬೇಕು. ಸ್ವಚ್ಛಮಾಡಿದ ಮೇಲೆ ಕೇಬಲ್ ತಪ್ಪು ಕಿಂಡಿಗೆ ಹೋಗಿ, ದುಬಾರಿ ಕಾರ್ಡ್ ಒಳಗೆ ಸುಮ್ಮನೆ ಕೂತಿರುವುದು ಅಪರೂಪವಲ್ಲ. ಲ್ಯಾಪ್‌ಟಾಪಿನಲ್ಲಿ ಇದೇ ತಪ್ಪು ಸಾಫ್ಟ್‌ವೇರಿನಲ್ಲಿ ಆಗುತ್ತದೆ: ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ದಾರಿ ಹಿಡಿದು ಆ ಗೇಮಿಗೆ ‘ಹೈ ಪರ್ಫಾರ್ಮೆನ್ಸ್’ ಆಯ್ಕೆ ಮಾಡಬೇಕು. ಚಾರ್ಜರ್ ಹಾಕದೆ ಬ್ಯಾಟರಿಯಲ್ಲೇ ಆಡಿದರೂ, ಅಥವಾ ಮೂಲ ಚಾರ್ಜರಿಗಿಂತ ಕಡಿಮೆ ವಾಟ್‌ನದನ್ನು ಹಾಕಿದರೂ ಯಂತ್ರ ತನ್ನ ಶಕ್ತಿಯನ್ನು ತಾನೇ ಮಿತಗೊಳಿಸಿಕೊಳ್ಳುತ್ತದೆ.

ಹೊಸ ಬಡಾವಣೆಗೆ ಮೊದಲ ಸಲ ನುಗ್ಗಿದಾಗ ಮಾತ್ರ ತಡವರಿಸಿ, ಎರಡನೆಯ ಸಲ ಅದೇ ರಸ್ತೆಯಲ್ಲಿ ಸರಿಯಾಗಿ ಓಡಿದರೆ ಅದು ಶೇಡರ್‌ಗಳನ್ನು (ಬೆಳಕು-ಬಣ್ಣಗಳ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂಗಳು) ಸಿದ್ಧಪಡಿಸಿಕೊಳ್ಳುವ ಕೆಲಸ. ಆಡುತ್ತ ಹೋದಂತೆ ಕಡಿಮೆಯಾಗುತ್ತದೆ. ಪ್ರತಿ ಸಲವೂ ವೇಗ ಹೆಚ್ಚಿದಾಗಲೇ ತಡವರಿಸಿದರೆ, ರಸ್ತೆ ಮತ್ತು ಕಟ್ಟಡಗಳು ಮಸುಕಾಗಿ ಮೂಡಿ ಆಮೇಲೆ ಸ್ಪಷ್ಟವಾದರೆ, ಡಿಸ್ಕ್ ಹಿಂದೆ ಬಿದ್ದಿದೆ. ತೆರೆದ ನಗರದ ಗೇಮ್‌ಗಳು ಊರನ್ನೆಲ್ಲ ಒಮ್ಮೆಲೇ ರ್‍ಯಾಮಿಗೆ ತುಂಬಿಕೊಳ್ಳದೆ, ಕಾರು ಮುಂದೆ ಹೋದಂತೆ ಮುಂದಿನ ಬೀದಿಯನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತವೆ. ತಿರುಗುವ ಹಾರ್ಡ್‌ಡಿಸ್ಕಿನಿಂದ, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿಗೆ ಗೇಮನ್ನು ಸಾಗಿಸುವುದು ಇದಕ್ಕೆ ತಕ್ಕ ಪರಿಹಾರ; ನನ್ನ ಮಟ್ಟಿಗೆ ಹಳೆಯ ಕಂಪ್ಯೂಟರಿಗೆ ಹಾಕುವ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದೂ ಅದೇ. ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಮಾತ್ರ ಪರೀಕ್ಷೆ ನಿಲ್ಲಿಸಿ, ಬೇಕಾದ ಕಡತಗಳನ್ನು ಆ ಕ್ಷಣವೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಚಿತ್ರ ತಡವರಿಸದೆ ಇಡೀ ಆಟವೇ ವಿಪರೀತ ವೇಗವಾಗಿ ಓಡುವುದೂ ಉಂಟು. ಕೆಲವು ಗೇಮ್‌ಗಳಲ್ಲಿ ಕಾರಿನ ಚಲನೆಯ ಲೆಕ್ಕ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬುದಕ್ಕೆ ಅಂಟಿಕೊಂಡಿರುತ್ತದೆ. 2013ರ ‘ನೀಡ್ ಫಾರ್ ಸ್ಪೀಡ್: ರೈವಲ್ಸ್’ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 30 ಚಿತ್ರಕ್ಕೆ ಕಟ್ಟಿಹಾಕಿದ್ದ ಗೇಮ್, ಆ ಕಟ್ಟನ್ನು ಬಿಚ್ಚಿ 60 ಮಾಡಿದವರಿಗೆ ಆಟವೇ ಇಮ್ಮಡಿ ವೇಗದಲ್ಲಿ ಓಡಿತು. ಅಂತಹ ಗೇಮನ್ನು ತಯಾರಕರು ಇಟ್ಟ ಮಿತಿಯಲ್ಲೇ ಆಡುವುದು ಕ್ಷೇಮ.

ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಧಾನವಾಗುತ್ತದೆ

ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ತಾರಸಿಯ ಕೆಳಗಿನ ಕೊಠಡಿಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಈ ದೂರು ಬಂದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಹೊರಗೆ 38 ಡಿಗ್ರಿ ಇರುವಾಗ ಫ್ಯಾನು ಒಳಗೆಳೆದುಕೊಳ್ಳುವುದೂ ಅದೇ ಬಿಸಿ ಗಾಳಿಯನ್ನು. ಲ್ಯಾಪ್‌ಟಾಪಿನ ಪ್ರೊಸೆಸರ್ 95ರಿಂದ 100 ಡಿಗ್ರಿಯ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಇನ್ನೂ ಏರಿದರೆ ಆಫ್ ಆಗುತ್ತದೆ. ಅದೇ ಓಟವನ್ನು ಬೆಳಿಗ್ಗೆ ಆರಕ್ಕೆ ಆಡಿ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಹಾಸಿಗೆಯ ಮೇಲಿಂದ ಲ್ಯಾಪ್‌ಟಾಪನ್ನು ಮೇಜಿಗೆ ತಂದು, ಹಿಂಬದಿಗೆ ಎರಡು ಸಣ್ಣ ಪುಸ್ತಕ ಕೊಟ್ಟು ಎತ್ತರಿಸುವುದು ಮೊದಲ ಹೆಜ್ಜೆ. ಪುಸ್ತಕ ಗಾಳಿಕಿಂಡಿಯನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಸೆಕೆಂಡಿಗೆ 60 ಚಿತ್ರಕ್ಕೆ ಮಿತಿ ಹಾಕುವುದು ಎರಡನೆಯದು. ಯಂತ್ರ ಸುಮ್ಮನೆ 110 ಚಿತ್ರ ಎಳೆದು ಬಿಸಿಯಾಗುವುದು ಇದರಿಂದ ತಪ್ಪುತ್ತದೆ. ಮೂರನೆಯದು ಧೂಳು. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಆಷಾಢದಲ್ಲಿ ಚಿತ್ರದುರ್ಗದ ಮನೆಗಳೊಳಗೆ ಕೆಮ್ಮಣ್ಣನ್ನೂ ತಂದು ಸುರಿಯುತ್ತದೆ. ಕಿಟಕಿಯ ಪಕ್ಕದ ಕ್ಯಾಬಿನೆಟ್ಟಿನ ಫ್ಯಾನಿಗೆ ಕಂಬಳಿಯಂತೆ ಪದರ ಕಟ್ಟಲು ಒಂದು ಋತು ಸಾಕು. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ ಊದಬೇಕು. ರೆಕ್ಕೆಯನ್ನು ಹಿಡಿಯದೆ ಬ್ಲೋವರ್ ಬಿಟ್ಟರೆ ಫ್ಯಾನ್ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ.

ಇಷ್ಟಾದರೂ ಬಿಸಿ ಇಳಿಯದಿದ್ದರೆ, ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಡೆಸ್ಕ್‌ಟಾಪಿನಲ್ಲಿ ಕೈಯಭ್ಯಾಸ ಇದ್ದವರು ಅದನ್ನು ಬದಲಿಸಿಕೊಳ್ಳಬಹುದು. ಲ್ಯಾಪ್‌ಟಾಪನ್ನು ದುರಸ್ತಿ ಅಂಗಡಿಗೆ ಕೊಡುವುದೇ ಸರಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ. ಆಗ ಆಟ, ಚಾರ್ಜಿಂಗ್ ಎರಡನ್ನೂ ಕೂಡಲೇ ನಿಲ್ಲಿಸಬೇಕು. ಅದನ್ನು ಒತ್ತುವುದು, ಚುಚ್ಚುವುದು, ಬಿಸಿಲಿಗಿಡುವುದು ಬೆಂಕಿಗೆ ದಾರಿ.

ಕಂಪ್ಯೂಟರ್ ಏಕಾಏಕಿ ಆಫ್ ಆಗುತ್ತದೆ

ಆಫ್ ಆದ ಕ್ಷಣದಲ್ಲಿ ಕೋಣೆಯ ದೀಪವೂ ಮಂಕಾಯಿತೇ ಎಂಬುದನ್ನು ಮನೆಯ ಇನ್ನೊಬ್ಬರು ಗಮನಿಸಲಿ. ಮಂಕಾಗಿದ್ದರೆ ತೊಂದರೆ ಲೈನಿನದು. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಬೇಸಿಗೆಯಲ್ಲಿ ಪಂಪ್‌ಸೆಟ್, ಕೂಲರ್, ಎ.ಸಿ.ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಊರಂಚಿನ ಬಡಾವಣೆಗಳಲ್ಲಿ ಅದು ಕುಸಿಯುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯಲ್ಲಿದ್ದು 1912ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಕಂಪ್ಯೂಟರಿಗೆಂದೇ ಯುಪಿಎಸ್ ಇದ್ದರೆ ಅದರ ಮೇಲಿನ ಅಂಕಿಗಳನ್ನು ಓದಬೇಕು: 600 ವಿ.ಎ. ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವಾಟ್. ಕಚೇರಿ ಕೆಲಸದ ಕಂಪ್ಯೂಟರಿಗೆ ಅದು ಧಾರಾಳ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಓಟದ ನಡುವೆ ಅದನ್ನು ಮೀರಿಬಿಡುತ್ತದೆ.

ದೀಪ ಹಾಗೇ ಇದ್ದು, ಓಟ ಲೋಡ್ ಆಗುವಾಗ ಅಥವಾ ದೃಶ್ಯ ಭಾರವಾದಾಗ ಮಾತ್ರ ಯಂತ್ರ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಪೂರೈಸುವ ಡಬ್ಬಿ) ಮೇಲೆ ಬರುತ್ತದೆ. ಗುಣಮಟ್ಟವನ್ನು ಕನಿಷ್ಠಕ್ಕೆ ಇಳಿಸಿ ಆಡಿದಾಗ ಆಫ್ ಆಗದಿದ್ದರೆ ಅನುಮಾನ ಬಲವಾಗುತ್ತದೆ. ಗೆಳೆಯರ ಕಂಪ್ಯೂಟರಿನಿಂದ ಸಾಕಷ್ಟು ವಾಟ್‌ನ ಎಸ್‌ಎಂಪಿಎಸ್ ತಂದು, ಅದರದೇ ಕೇಬಲ್ಲುಗಳೊಡನೆ ಹಾಕಿ ನೋಡುವುದು ಖಚಿತ ಪರೀಕ್ಷೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು.

ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂಬುದನ್ನು ಹಲವರು ನಗುತ್ತ ಹೇಳುತ್ತಾರೆ. ಅರ್ತಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಎಸ್‌ಎಂಪಿಎಸ್‌ನ ಸೋಸುವ ಭಾಗದಿಂದ ಸೋರುವ ಸಣ್ಣ ವಿದ್ಯುತ್ತು ನೆಲಕ್ಕೆ ಹೋಗಲು ದಾರಿಯಿಲ್ಲದೆ ಲೋಹದ ಮೈಮೇಲೆ ನಿಂತಿರುತ್ತದೆ. ಇಂದು ಜುಮ್ಮೆನ್ನುವ ಪೆಟ್ಟಿಗೆಯೊಳಗೆ ನಾಳೆ ಒಂದು ತಂತಿ ಸಡಿಲವಾದರೆ ಪೂರ್ತಿ 230 ವೋಲ್ಟ್ ಅಲ್ಲೇ ಇರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೆ ತೆಗೆಯಬೇಕು. ಆದರೂ ನಿಲ್ಲದಿದ್ದರೆ ಬಳಕೆ ಬಿಟ್ಟು ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಲು ಸಂಕೋಚಪಡಬಾರದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಜೊತೆಗೆ ಇಂಟರ್‌ನೆಟ್‌ನ ಲ್ಯಾನ್ ತಂತಿಯನ್ನೂ ಕಿತ್ತಿಡಬೇಕು. ಸಿಡಿಲಿನ ಏಟು ಆ ದಾರಿಯಿಂದಲೂ ಬರುತ್ತದೆ.

ಮೊಬೈಲಿನಲ್ಲಿ ಕಾರು ತಾನಾಗಿ ತಿರುಗುತ್ತದೆ

ಚಾರ್ಜರ್ ತೆಗೆದು ಆಡಿ ನೋಡಿ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ ಪರದೆಯ ಮೇಲೆ ಮುಟ್ಟದಿದ್ದರೂ ಮುಟ್ಟಿದಂತೆ ಭ್ರಮೆ ಹುಟ್ಟಿಸುತ್ತದೆ. ಬೆವರು, ಎಣ್ಣೆ, ಅಂಚಿನಲ್ಲಿ ಎದ್ದ ಗಾಜಿನ ರಕ್ಷಾಕವಚ ಆಮೇಲಿನ ಅನುಮಾನಗಳು. ಫೋನನ್ನು ವಾಲಿಸಿ ಆಡುವವರು ಮಲಗಿಕೊಂಡು ಗೇಮ್ ತೆರೆದು ಆಮೇಲೆ ಎದ್ದು ಕೂತರೆ ನಡುವಿನ ಸ್ಥಾನ ತಪ್ಪಿರುತ್ತದೆ; ಕೂತ ಭಂಗಿಯಲ್ಲೇ ಟಿಲ್ಟ್ ಕ್ಯಾಲಿಬ್ರೇಶನ್ ಮಾಡಬೇಕು.

ಹಳೆಯ ಗೇಮ್ ತೆರೆಯುವುದೇ ಇಲ್ಲ

ಡಿಎಲ್ಎಲ್ ಕಡತವೊಂದು ಇಲ್ಲವೆಂಬ ಸಂದೇಶ ಬಂದು, ಅದರ ಹೆಸರು ‘ಡಿ3ಡಿಎಕ್ಸ್9’ ಎಂದು ಶುರುವಾಗಿದ್ದರೆ ಮೈಕ್ರೋಸಾಫ್ಟಿನ ಹಳೆಯ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಬೇಕು. ಆ ಒಂದು ಕಡತವನ್ನು ಮಾತ್ರ ಕೊಡುತ್ತೇವೆನ್ನುವ ಜಾಲತಾಣಗಳ ಗೋಜಿಗೆ ಹೋಗಬಾರದು. ಸಿ.ಡಿ. ಹಾಕಿದರೂ ಏನೂ ಆಗದಿದ್ದರೆ ಕಾರಣ ಬಹುಶಃ ಸೇಫ್‌ಡಿಸ್ಕ್ ಎಂಬ ನಕಲು ತಡೆ. ಅದರ ಡ್ರೈವರಿನಲ್ಲಿ ಭದ್ರತೆಯ ಲೋಪವಿದ್ದುದರಿಂದ 2015ರಲ್ಲಿ ಬಂದ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ. ಅಂತಹ ಸಿ.ಡಿ. ಎಷ್ಟೇ ಹೊಳೆಯುತ್ತಿದ್ದರೂ ಹೊಸ ವಿಂಡೋಸ್‌ನಲ್ಲಿ ಓಡದು.

ಇಲ್ಲಿಂದ ಮುಂದೆ ಹಲವರು ಪೆನ್‌ಡ್ರೈವಿನಲ್ಲಿ ಸಿಗುವ ಕಳ್ಳ ಪ್ರತಿಗೆ ಕೈಚಾಚುತ್ತಾರೆ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಕೇಳುವ ಯಾವ ಪ್ರತಿಯನ್ನೂ, ಮನೆಯವರ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿಗೆ ಹಾಕಬಾರದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಿಂದ ಕೊಂಡ ಗೇಮ್ ಕೆಟ್ಟಿದ್ದರೆ ಪೂರ್ತಿ ಅಳಿಸಬೇಕಿಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ ಕಡತಗಳನ್ನು ಪರಿಶೀಲಿಸುವ ಆಯ್ಕೆ ಇದೆ, ಅದು ಹಾಳಾದಷ್ಟನ್ನೇ ಮತ್ತೆ ಇಳಿಸಿಕೊಳ್ಳುತ್ತದೆ. ಗೇಮ್ ಓಡಿದರೂ ಪ್ರಗತಿ ಉಳಿಯದಿದ್ದರೆ ವಿಂಡೋಸ್ ಸೆಕ್ಯುರಿಟಿಯ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಡಾಕ್ಯುಮೆಂಟ್ಸ್‌ನಲ್ಲಿ ಬರೆಯಲು ತಡೆಯುತ್ತಿರಬಹುದು. ಆ ಗೇಮಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಆನ್‌ಲೈನ್ ಓಟದಲ್ಲಿ ಎದುರಾಳಿಯ ಕಾರು ಮಾಯವಾಗಿ ಮುಂದೆ ಪ್ರತ್ಯಕ್ಷವಾಗುತ್ತದೆ

ನಿಮ್ಮ ಕಾರು ನುಣುಪಾಗಿ ಓಡುತ್ತ ಬೇರೆಯವರ ಕಾರು ಮಾತ್ರ ಜಿಗಿಯುತ್ತಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್ ಮುಟ್ಟಬೇಡಿ. ಅದು ಸಂಪರ್ಕದ ದೋಷ, ಮತ್ತು ‘100 ಎಂ.ಬಿ. ಪ್ಲಾನ್ ಇದೆಯಲ್ಲ’ ಎಂಬುದು ಇದಕ್ಕೆ ಉತ್ತರವಲ್ಲ. ರೇಸಿಗೆ ಬೇಕಾದದ್ದು ಸಣ್ಣ ಸಣ್ಣ ಮಾಹಿತಿ ತಪ್ಪದೆ, ಸಮಕ್ಕೆ ಸರಿಯಾಗಿ ತಲುಪುವುದು. ಕಮಾಂಡ್ ಪ್ರಾಂಪ್ಟಿನಿಂದ ಮೊದಲು ರೂಟರಿಗೇ ಪಿಂಗ್ ಮಾಡಬೇಕು, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ನೋಡಬೇಕು. ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬಂದರೆ ಮನೆಯೊಳಗಿನ ದಾರಿ ಸರಿಯಿದೆ, ತೊಂದರೆ ಹೊರಗಿನದು. ರೂಟರೇ ಹತ್ತಾರು ಮಿಲಿಸೆಕೆಂಡು ತೆಗೆದುಕೊಂಡರೆ, ಅಥವಾ ನಡುನಡುವೆ ಉತ್ತರವೇ ಬರದಿದ್ದರೆ ವೈ-ಫೈ ಕಾರಣ: ಲ್ಯಾನ್ ಕೇಬಲ್ ಎಳೆಯಬೇಕು, ಆಗದಿದ್ದರೆ ಅದೇ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಬಳಸಬೇಕು. ಹೊರಗಿನ ದಾರಿ ಪ್ರತಿ ಸಂಜೆ ಕೆಡುತ್ತಿದ್ದರೆ ಸಮಯ ಮತ್ತು ಪಿಂಗ್ ಅಂಕಿಗಳನ್ನು ಬರೆದಿಟ್ಟು ಸಂಪರ್ಕ ಕೊಟ್ಟವರಿಗೆ ತೋರಿಸಬೇಕು. ‘ಸ್ಲೋ ಇದೆ’ ಎಂಬ ದೂರಿಗಿಂತ ಅಂಕಿಗಳಿಗೆ ಬೇಗ ಉತ್ತರ ಸಿಗುತ್ತದೆ.

ಲಾಗಿನ್ ಹಂತದಲ್ಲೇ ನಿಂತರೆ ಸರ್ವರ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಯೂಬಿಸಾಫ್ಟ್ ಸಂಸ್ಥೆಯ ‘ದ ಕ್ರೂ’ 2014ರಲ್ಲಿ ಬಂದ ಗೇಮ್. ಒಬ್ಬರೇ ಆಡುವುದಕ್ಕೂ ಆನ್‌ಲೈನ್ ಬೇಕಿದ್ದ ಅದರ ಸರ್ವರ್‌ಗಳು 2024ರ ಮಾರ್ಚ್ 31ರಂದು ಮುಚ್ಚಿದವು. ಅಂತಹ ತೊಂದರೆ ಮನೆಯ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುವುದಿಲ್ಲ.

ಆಡುವವರಿಗೇ ತಲೆ ಸುತ್ತುತ್ತದೆ

ಕಣ್ಣು ವೇಗ ಕಾಣುತ್ತದೆ, ದೇಹ ಕೂತೇ ಇರುತ್ತದೆ. ಈ ತಾಳೆಯಾಗದ ಸ್ಥಿತಿಯಿಂದ ಓಕರಿಕೆ ಬರುತ್ತದೆ. ಮೋಷನ್ ಬ್ಲರ್ ಮತ್ತು ಕ್ಯಾಮೆರಾ ಕಂಪನ ಆಫ್ ಮಾಡಿ, ಕಾರಿನ ಹಿಂದಿನ ನೋಟ ಆರಿಸಿ, ಕೋಣೆಯ ದೀಪ ಹಾಕಿಕೊಂಡು, ಪರದೆಯಿಂದ ದೂರ ಕೂತರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ಆ ದಿನದ ಆಟ ನಿಲ್ಲಿಸಬೇಕು. ಮಿನುಗುವ ಬೆಳಕಿಗೆ ಕಣ್ಣು ಮಂಜಾಗುವುದು, ಕೈಕಾಲು ತಾನಾಗಿ ಸೆಳೆಯುವುದು, ಕ್ಷಣಕಾಲ ಎಚ್ಚರ ತಪ್ಪುವುದು ಕಂಡರೆ ಕೂಡಲೇ ಆಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಫಿಟ್ಸ್ ಇರುವವರು ಇಂತಹ ಗೇಮ್ ಶುರುಮಾಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಂಗಡಿಗೆ ಒಯ್ಯಬೇಕಾದಾಗ

ಸುಟ್ಟ ವಾಸನೆ, ಹೊಗೆ, ಊದಿದ ಬ್ಯಾಟರಿ, ಗೇಮ್ ತೆರೆಯದಿದ್ದಾಗಲೂ ಪರದೆಯ ಮೇಲೆ ಕಾಣುವ ಬಣ್ಣದ ಚುಕ್ಕೆಗಳು, ಇವುಗಳಲ್ಲಿ ಯಾವುದಿದ್ದರೂ ಮನೆಯ ಪರೀಕ್ಷೆಗಳನ್ನು ಮುಂದುವರಿಸಬಾರದು. ಅಂಗಡಿಯಲ್ಲಿ ‘ಗೇಮ್ ಹ್ಯಾಂಗ್ ಆಗುತ್ತೆ’ ಎಂದಷ್ಟೇ ಹೇಳಿದರೆ ಅವರು ಮೊದಲು ಮಾಡುವುದು ವಿಂಡೋಸ್ ಹೊಸದಾಗಿ ಹಾಕುವ ಕೆಲಸವನ್ನೇ. ಅದರ ಬದಲು ದೋಷ ಯಾವ ಹೊತ್ತಿನಲ್ಲಿ, ಆಡಲು ಕೂತ ಎಷ್ಟು ನಿಮಿಷಕ್ಕೆ, ಯಾವ ರಸ್ತೆಯಲ್ಲಿ ಬರುತ್ತದೆ, ಯಾವ ಪರೀಕ್ಷೆಗೆ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಬೇಕು; ಸಾಧ್ಯವಿದ್ದರೆ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ತೆಗೆದು ತೋರಿಸಬೇಕು. ತಮ್ಮದೇ ಚಾರ್ಜರನ್ನೂ ಕಂಟ್ರೋಲರನ್ನೂ ಜೊತೆಗೆ ಒಯ್ಯಬೇಕು, ಏಕೆಂದರೆ ಅಂಗಡಿಯ ಚಾರ್ಜರಿನಲ್ಲಿ ಚೆನ್ನಾಗಿ ಓಡಿದ ಯಂತ್ರ ಮನೆಗೆ ಬಂದ ರಾತ್ರಿಯೇ ಮತ್ತೆ ನಿಲ್ಲುವುದುಂಟು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು, ರಸೀದಿಯಲ್ಲಿ ಹೊಸ ಭಾಗದ ವಾರಂಟಿಯ ಅವಧಿಯನ್ನು ಬರೆಸಿಕೊಳ್ಳಬೇಕು, ಹಣ ಕೊಡುವ ಮೊದಲು ಪರೀಕ್ಷೆಗೆಂದು ಆರಿಸಿಕೊಂಡ ಅದೇ ಓಟವನ್ನು ಅಲ್ಲಿಯೇ ಒಮ್ಮೆ ಆಡಿ ನೋಡಬೇಕು.